ನಮ್ಮೂರಿನ ವಿಷಯ ಬರೆಯಬೇಕು ಅನ್ನುವ ಮಕ್ಕಳಿಗೆ: ಎಲ್ಲಿಂದ ಶುರು ಮಾಡೋದು, ಎಲ್ಲಿಗೆ ಕಳಿಸೋದು

"ನಾನು ಕಥೆ ಬರೆದರೆ ಆನೆ ಬರೋದು ನಿಲ್ಲುತ್ತಾ?" ನಮ್ಮ ಕೊಡಗಿನ ಸಿದ್ದಾಪುರ, ಮಾಲ್ದಾರೆ ಕಡೆಯ ಮಕ್ಕಳು ಹೀಗೆ ನೇರವಾಗಿ ಕೇಳುತ್ತಾರೆ. ಮಡಿಕೇರಿ ಕಡೆಯವರು ಗುಡ್ಡ ಕುಸಿಯೋದರ ಬಗ್ಗೆ ಕೇಳುತ್ತಾರೆ, ಭಾಗಮಂಡಲದವರು ಹೊಳೆ ನೀರಿನ ಬಗ್ಗೆ. ಪ್ರಶ್ನೆ ಒಂದೇ. ಬರೆದರೆ ಏನಾಗುತ್ತೆ, ಮತ್ತೆ ಬರೆಯೋದು ಹೇಗೆ?

ಆನೆ ಬರೋದು ನಿಲ್ಲುವುದಿಲ್ಲ. ಆದರೆ ಸಂಜೆ ಬಸ್ ಅರ್ಧ ಗಂಟೆ ಮುಂಚೆ ಬರುವಂತೆ ಮಾಡಬಹುದು, ಬಸ್ ಸ್ಟಾಪಿಗೆ ಒಂದು ಬೀದಿ ದೀಪ ಹಾಕಿಸಬಹುದು, ನಿಮ್ಮ ಭಯ ನಿಮಗೊಬ್ಬರಿಗೇ ಇರುವುದಲ್ಲ ಅಂತ ಪಕ್ಕದ ಊರಿನ ಇನ್ನೊಬ್ಬ ಹುಡುಗಿಗೆ ಗೊತ್ತಾಗುವಂತೆ ಮಾಡಬಹುದು. ಬರವಣಿಗೆಗೆ ಇಷ್ಟು ಶಕ್ತಿ ಖಂಡಿತ ಇದೆ. ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕೊಡಗಿನ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಅಷ್ಟರೊಳಗೆ ವಿಧವೆಯರ ಬದುಕಿನ ಬಗ್ಗೆ, ಹೆಣ್ಣುಮಕ್ಕಳಿಗೆ ಮನೆಯೊಳಗೇ ಆಗುವ ಅನ್ಯಾಯದ ಬಗ್ಗೆ ಕಥೆ ಬರೆದರು, ಆ ಮಾತನ್ನು ಬಾಯಿಬಿಟ್ಟು ಆಡಲೂ ಜನ ಹೆದರುತ್ತಿದ್ದ ಕಾಲದಲ್ಲಿ. ಅವರ ಕಥೆಗಳನ್ನು ಇವತ್ತಿಗೂ ಓದುತ್ತೇವೆ. ಯಾಕೆಂದರೆ ಅಲ್ಲಿ ಭಾಷಣಕ್ಕಿಂತ ಜಾಸ್ತಿ ಮನುಷ್ಯರಿದ್ದಾರೆ.

ಸರಿ, ಕೆಲಸಕ್ಕೆ ಬರೋಣ.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು. ಮೊಬೈಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ನೋಟ್‌ಬುಕ್ಕೇ ಜಾಸ್ತಿ ನಂಬಿಕಸ್ಥ. ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಜುಲೈ ಬಂದರೆ ಹಾಳೆ ಬೂಸ್ಟು ಹಿಡಿಯುತ್ತೆ.

ಎರಡನೆಯದು, ನೀವು ನಂಬುವ ಒಬ್ಬರು ದೊಡ್ಡವರು. ಟೀಚರ್ ಆಗಬಹುದು, ಅತ್ತೆ ಆಗಬಹುದು, ಗ್ರಂಥಾಲಯದ ಮೇಲ್ವಿಚಾರಕರು ಆಗಬಹುದು. ಹೊರಗೆ ಕಳಿಸುವ ಮೊದಲು ಇವರು ಒಮ್ಮೆ ಓದಬೇಕು. ಇದು ಅಪ್ಪಣೆ ಕೇಳೋದಕ್ಕಲ್ಲ, ನಿಮ್ಮ ಸುರಕ್ಷತೆಗೆ. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಮೂರನೆಯದು ಭಾಷೆ. "ನನ್ನ ಕನ್ನಡ ಚೆನ್ನಾಗಿಲ್ಲ, ಮನೇಲಿ ಕೊಡವ ತಕ್ಕ್ ಮಾತಾಡೋದು" ಅಂತ ಹಿಂಜರಿಯುವವರು ತುಂಬ ಜನ. ಅರೆಭಾಷೆ, ಎರವ, ತುಳು, ಮಲಯಾಳಂ ಮನೆಮಾತಿನವರೂ ಹೀಗೇ ಹೇಳುತ್ತಾರೆ. ಕಥೆಯನ್ನು ಕನ್ನಡದಲ್ಲಿ ನಡೆಸಿ, ಪಾತ್ರಗಳ ಮಾತನ್ನು ಮನೆಮಾತಿನಲ್ಲೇ ಬಿಡಿ. ಅಜ್ಜಿ ಬೈದದ್ದು ಅಜ್ಜಿಯ ಮಾತಿನಲ್ಲೇ ಇದ್ದರೆ ಅದರ ರುಚಿಯೇ ಬೇರೆ. ಬೇಕಿದ್ದರೆ ಇಡೀ ಬರಹವನ್ನೇ ಮನೆಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಬರೆಯಿರಿ. ಹರದಾಸ ಅಪ್ಪಚ್ಚ ಕವಿ ಕೊಡವ ತಕ್ಕ್‌ನಲ್ಲಿ ನಾಟಕ ಬರೆದು ನೂರು ವರ್ಷ ದಾಟಿದೆ. ಈಗ ಕೊಡವಕ್ಕೂ ಅರೆಭಾಷೆಗೂ ಸರ್ಕಾರದ ಸಾಹಿತ್ಯ ಅಕಾಡೆಮಿಗಳೇ ಇವೆ.

1. ಒಂದೇ ವಿಷಯ, ಒಂದೇ ಜಾಗ ಹಿಡಿಯಿರಿ

"ಪರಿಸರ ಸಂರಕ್ಷಣೆ" ಅಂತ ಶುರು ಮಾಡಬೇಡಿ. ಅದು ಪ್ರಬಂಧ ಸ್ಪರ್ಧೆಯ ವಿಷಯ. ನಿಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ನಿಮಗೆ ಸಿಟ್ಟು, ಭಯ, ಬೇಜಾರು ತರುವ ಒಂದು ಜಾಗ ಇದ್ದೇ ಇರುತ್ತದೆ. ಪ್ರವಾಸಿಗರು ಬಾಟಲಿ ಎಸೆದು ಹೋಗುವ ತಿರುವು. ದೇವರಕಾಡಿನ ಅಂಚಿನಲ್ಲಿ ವರ್ಷ ವರ್ಷ ಒಳಗೆ ಸರಿಯುತ್ತಿರುವ ಬೇಲಿ. ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಯ, ಹಿಂದಿನ ಒಂದೇ ನಲ್ಲಿ. ನಾಟಿ ನಿಂತು ಹೋದ ಗದ್ದೆ. ಆ ಜಾಗವನ್ನು ಹಿಡಿಯಿರಿ.

ಆಮೇಲೆ ಒಂದು ವಾಕ್ಯ ಬರೆಯಿರಿ: "ಇದನ್ನು ಓದಿದ ಮೇಲೆ ______ ಅವರು ______ ಮಾಡಬೇಕು." ಮೊದಲ ಖಾಲಿ ಜಾಗದಲ್ಲಿ 'ಸಮಾಜ', 'ಸರ್ಕಾರ', 'ಎಲ್ಲರೂ' ಬರಕೂಡದು. ಪಂಚಾಯಿತಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಇರಬಹುದು. ನಿಮ್ಮ ಹೆಡ್‌ಮಾಸ್ಟರ್ ಇರಬಹುದು, ತೋಟದ ಸಾಹುಕಾರರು ಇರಬಹುದು, ನಿಮ್ಮ ಕ್ಲಾಸಿನ ಹುಡುಗರೇ ಇರಬಹುದು. ಈ ವಾಕ್ಯ ಕಥೆಯೊಳಗೆ ಬರುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುತ್ತದೆ, ದಾರಿ ತಪ್ಪಿದಾಗ ನೋಡುವುದಕ್ಕೆ.

2. ಬರೆಯುವ ಮೊದಲು ಕೇಳಿ

ಒಂದು ವಾರ ಸುಮ್ನೆ ನೋಡಿ, ಕೇಳಿ. ಆ ಜಾಗದಲ್ಲಿ ಬೆಳಿಗ್ಗೆ ಯಾರಿರುತ್ತಾರೆ, ಸಂಜೆ ಯಾರು? ಏನು ವಾಸನೆ, ಏನು ಸದ್ದು? ಇಬ್ಬರು ಮೂವರ ಹತ್ತಿರ ಮಾತಾಡಿ, ಅವರ ಮಾತು ಹೇಗಿತ್ತೋ ಹಾಗೇ ಬರೆದುಕೊಳ್ಳಿ. ವಯಸ್ಸಾದವರಿಗೆ "ಮೊದಲು ಇಲ್ಲಿ ಏನಿತ್ತು?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಅರ್ಧ ನೋಟ್‌ಬುಕ್ ತುಂಬುತ್ತದೆ.

ಕಾರಣ ಹೇಳುವಾಗ ಜಾಗ್ರತೆ. ಕಥೆ ಕಲ್ಪನೆ ಇರಬಹುದು, ಆದರೆ ಅದರ ಕೆಳಗಿನ ನೆಲ ನಿಜ ಇರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಊರಲ್ಲಿ ಬೇಕಾದಷ್ಟು ಮಾತು ಹುಟ್ಟಿತು. ದೇವರ ಕೋಪ ಅಂದರು, ಅವರಿಂದ ಆಯಿತು ಇವರಿಂದ ಆಯಿತು ಅಂದರು. ವಿಪರೀತ ಮಳೆಯ ಜೊತೆಗೆ, ರಸ್ತೆಗೆ, ಮನೆಗೆ ಅಂತ ಇಳಿಜಾರನ್ನು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಹೇಳಿದರು. ಕಥೆಯಲ್ಲಿ ಒಂದು ಸುಳ್ಳು ಕಾರಣ ಇದ್ದರೆ ಓದುಗರು ಅದನ್ನೇ ಹಿಡಿದು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತಾರೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಏನೂ ತಪ್ಪು ಮಾಡದ ಯಾರದೋ ಮೇಲೆ ಊರಿನ ಸಿಟ್ಟು ತಿರುಗಬಹುದು.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ವಿಷಯ ಸಂಗ್ರಹಕ್ಕೆ ಅಂತ ಬಿರುಕು ಬಿಟ್ಟ ಗುಡ್ಡದ ಹತ್ತಿರ ಹೋಗಬೇಡಿ, ಉಕ್ಕಿದ ಹೊಳೆಯ ದಡಕ್ಕೆ ಹೋಗಬೇಡಿ, ಆನೆ ಇರುವ ತೋಟಕ್ಕೆ ಮೊಬೈಲ್ ಹಿಡಿದು ಹೋಗಬೇಡಿ. ಕಂಡವರನ್ನು ಕೇಳಿ ಬರೆದರೂ ಅದು ನಿಮ್ಮ ಬರಹವೇ.

3. ಒಬ್ಬರ ಕಣ್ಣಿಂದ ಬರೆಯಿರಿ

ಇಡೀ ಲೇಖನದಲ್ಲಿ ಮುಖ್ಯ ಹಂತ ಇದೇ. ಹೆಚ್ಚಿನವರು ಎಡವುವುದೂ ಇಲ್ಲೇ.

ಸಾಮಾನ್ಯವಾಗಿ ಮೊದಲ ಕರಡು ಹೀಗೆ ಬರುತ್ತದೆ:

"ಓ ಪ್ರಕೃತಿ ಮಾತೆಯೇ, ಮಾನವನ ದುರಾಸೆಗೆ ನೀ ಬಲಿಯಾದೆ. ಕಾಡು ನಾಶವಾಗಿ ಗಜರಾಜ ನಾಡಿಗೆ ಬಂದ. ಎಚ್ಚೆತ್ತುಕೋ ಮನುಜ!"

ಇದರಲ್ಲಿ ತಪ್ಪೇನೂ ಇಲ್ಲ ಅನಿಸುತ್ತದೆ, ಅಲ್ವಾ? ಆದರೆ ಇದನ್ನು ಯಾವ ಊರಿನ ಯಾರು ಬೇಕಾದರೂ ಬರೆಯಬಹುದು. ಓದಿದವರು "ಚೆನ್ನಾಗಿದೆ" ಅಂದು ಪುಟ ತಿರುಗಿಸುತ್ತಾರೆ. ಈಗ ಅದೇ ವಿಷಯವನ್ನು ಒಬ್ಬ ಹುಡುಗಿಯ ಕಣ್ಣಿಂದ ನೋಡೋಣ:

"ಬಸ್ಸಿಳಿದರೆ ಮನೆಗೆ ಒಂದೂವರೆ ಕಿಲೋಮೀಟರ್, ಪೂರಾ ತೋಟದ ದಾರಿ. ಹಲಸಿನ ಹಣ್ಣಿನ ಕಾಲ. ಗಾಳಿಯಲ್ಲಿ ಹಣ್ಣಿನ ವಾಸನೆ ಜಾಸ್ತಿ ಬಂದಷ್ಟೂ ಅಮ್ಮ ಬೇಗ ಬೇಗ ನಡೆಯುತ್ತಾಳೆ. ಮಾತಾಡಬೇಡ ಅನ್ನುತ್ತಾಳೆ. ನಿನ್ನೆ ಮೆಸೇಜ್ ಬಂದಿತ್ತು, ಒಂಟಿ ಸಲಗ ಇದೆ ಅಂತ. ಇವತ್ತು ಮೆಸೇಜ್ ಇಲ್ಲ. ಆನೆ ಹೋಯಿತು ಅಂತ ಅರ್ಥವೋ, ನೆಟ್‌ವರ್ಕ್ ಹೋಯಿತು ಅಂತ ಅರ್ಥವೋ, ನನಗೆ ಗೊತ್ತಾಗುವುದಿಲ್ಲ."

ಇಲ್ಲಿ ಯಾರನ್ನೂ ಬೈದಿಲ್ಲ. 'ದುರಾಸೆ' ಇಲ್ಲ, 'ಎಚ್ಚೆತ್ತುಕೋ' ಇಲ್ಲ. ಆದರೆ ಇದನ್ನು ಓದಿದ ಅಧಿಕಾರಿಗೆ ಏನು ಸರಿಮಾಡಬೇಕು ಅಂತ ತಕ್ಷಣ ಗೊತ್ತಾಗುತ್ತದೆ: ಬಸ್ಸು, ದಾರಿ, ಎಚ್ಚರಿಕೆ ಕೊಡುವ ವ್ಯವಸ್ಥೆ. ಓದಿದ ಬೆಂಗಳೂರಿನ ಹುಡುಗನಿಗೆ ಹಲಸಿನ ವಾಸನೆಗೆ ಹೆದರುವವರೂ ಇದ್ದಾರೆ ಅಂತ ಗೊತ್ತಾಗುತ್ತದೆ.

ಮಾಡುವ ಕ್ರಮ ಹೀಗೆ. ಒಬ್ಬರನ್ನು ಆರಿಸಿ. ಅವರಿಗೆ ಇವತ್ತು ಏನು ಬೇಕಾಗಿದೆ ಅಂತ ನಿರ್ಧರಿಸಿ. ದೊಡ್ಡ ಆಸೆ ಬೇಡ, ಕತ್ತಲಾಗುವ ಮೊದಲು ಮನೆ ಸೇರುವುದು, ಕುಯ್ಲಿನ ದಿನ ತಂಗಿಯನ್ನು ನೋಡಿಕೊಳ್ಳಲು ರಜೆ ಹಾಕದೆ ಪರೀಕ್ಷೆಗೆ ಹೋಗುವುದು, ಇಂಥದ್ದು. ಅದಕ್ಕೆ ಅಡ್ಡ ಬರುವುದು ಏನು ಅಂತ ಬರೆಯಿರಿ. ಆಮೇಲೆ ಅವರು ಏನು ಮಾಡಿದರು ಅಂತ ಬರೆಯಿರಿ. ಎರಡು ಮೂರು ಪುಟದ ಕಥೆಗೆ ಇಷ್ಟು ಬೇಕಾದಷ್ಟಾಯಿತು. ಕವನ ಆದರೆ ಆ ದಿನದ ಒಂದೇ ಕ್ಷಣ ಹಿಡಿದರೂ ಸಾಕು. ಪ್ರಾಸ ಬೇಕೇಬೇಕು ಅಂತಿಲ್ಲ, ಪ್ರಾಸಕ್ಕಾಗಿ ಸುಳ್ಳು ಹೇಳುವುದಕ್ಕಿಂತ ಪ್ರಾಸ ಬಿಡುವುದು ವಾಸಿ.

ಎದುರಾಳಿಯನ್ನೂ ಮನುಷ್ಯರನ್ನಾಗಿ ಬರೆಯಿರಿ. ಅರಣ್ಯ ಇಲಾಖೆಯ ವಾಚರ್‌ಗೂ ಮನೆ ಇದೆ, ಅವರೂ ರಾತ್ರಿ ಆನೆ ಓಡಿಸಲು ಹೋಗುತ್ತಾರೆ. ಕಾಫಿ ರೇಟ್ ಬಿದ್ದ ವರ್ಷ ಸಣ್ಣ ಬೆಳೆಗಾರರ ಮನೆಯಲ್ಲೂ ನಿದ್ದೆ ಇರುವುದಿಲ್ಲ. ಇದನ್ನು ಬರೆದರೆ ನಿಮ್ಮ ಸಿಟ್ಟು ಕಮ್ಮಿ ಆಗುವುದಿಲ್ಲ. ಅದು ಸರಿಯಾದ ಕಡೆಗೆ ಹೋಗುತ್ತದೆ.

4. ಭರವಸೆಯನ್ನು ಎಲ್ಲಿಂದ ತರುವುದು

ಮಕ್ಕಳ ಕಥೆಗಳು ಹೆಚ್ಚಾಗಿ ಎರಡು ರೀತಿ ಮುಗಿಯುತ್ತವೆ. ಒಂದರಲ್ಲಿ ಕೊನೆಯ ಪುಟದಲ್ಲಿ ಮಂತ್ರಿಗಳು ಬಂದು ಎಲ್ಲವನ್ನೂ ಸರಿ ಮಾಡುತ್ತಾರೆ. ಇನ್ನೊಂದರಲ್ಲಿ ಎಲ್ಲರೂ ಸಾಯುತ್ತಾರೆ. ಎರಡನ್ನೂ ಓದಿದವರು ಏನೂ ಮಾಡುವುದಿಲ್ಲ, ಯಾಕೆಂದರೆ ಎರಡರಲ್ಲೂ ಮಾಡಲು ಏನೂ ಉಳಿದಿಲ್ಲ.

ನಾನು ಹೇಳುವುದು ಇಷ್ಟು. ಕಥೆಯಲ್ಲಿ ಯಾರಾದರೂ ಒಬ್ಬರು, ತಮ್ಮ ಕೈಲಾಗುವ ಒಂದು ಕೆಲಸ ಮಾಡಲಿ. ಸಮಸ್ಯೆ ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 2018ರಲ್ಲಿ ಶಾಲೆ, ಕಲ್ಯಾಣ ಮಂಟಪಗಳೆಲ್ಲ ಪರಿಹಾರ ಕೇಂದ್ರಗಳಾದವು, ಗುರುತಿಲ್ಲದವರಿಗೆ ಗುರುತಿಲ್ಲದವರು ಅನ್ನ ಬಡಿಸಿದರು. 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆ ಹೋದಾಗಲೂ ಹಾಗೇ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ತೆರವು ಮಾಡಿದಾಗ ಅವರು ಜಾಗ ಬಿಟ್ಟು ಹೋಗದೆ ಹೋರಾಟಕ್ಕೆ ಕೂತರು, ಇಡೀ ರಾಜ್ಯ ತಿರುಗಿ ನೋಡಿತು. ನಿಮ್ಮ ಮನೆಯ ದೊಡ್ಡವರನ್ನು ಕೇಳಿ, "ಆವತ್ತು ನಿಮಗೆ ಯಾರು ಸಹಾಯ ಮಾಡಿದರು? ನೀವು ಯಾರಿಗೆ ಮಾಡಿದಿರಿ?" ಅಂತ. ಭರವಸೆಯ ಕಥೆ ಅಲ್ಲೇ ಇರುತ್ತದೆ, ಕಲ್ಪಿಸಬೇಕಾಗಿಲ್ಲ.

ಇನ್ನೊಂದು ಅಭ್ಯಾಸ ನನಗೆ ತುಂಬ ಇಷ್ಟ. ಹತ್ತು ವರ್ಷದ ನಂತರದ ನಿಮ್ಮೂರಿನ ಒಂದು ಸಾಮಾನ್ಯ ಮಂಗಳವಾರವನ್ನು ಬರೆಯಿರಿ. ಹಬ್ಬದ ದಿನ ಬೇಡ. ಒಂದೇ ಒಂದು ವಿಷಯ ಸರಿಹೋಗಿದೆ ಅಂದುಕೊಳ್ಳಿ, ಉಳಿದದ್ದೆಲ್ಲ ಇದ್ದ ಹಾಗೇ ಇರಲಿ. ಲೈನ್ ಮನೆಯ ಹುಡುಗ ಸಂಜೆ ಏಳಕ್ಕೆ ಅರಿವು ಕೇಂದ್ರದಿಂದ, ಅಂದರೆ ಪಂಚಾಯಿತಿ ಗ್ರಂಥಾಲಯದಿಂದ, ನಡೆದುಕೊಂಡು ಮನೆಗೆ ಬರುತ್ತಿದ್ದಾನೆ. ಹೇಗೆ ಸಾಧ್ಯವಾಯಿತು? ದಾರಿಯಲ್ಲಿ ಏನಿದೆ? ಯಾರು ಮಾಡಿಸಿದರು? ಹಿಂದಕ್ಕೆ ಹಿಂದಕ್ಕೆ ಕೇಳುತ್ತಾ ಬನ್ನಿ. ಕೊನೆಗೆ ಈ ವರ್ಷ ಮಾಡಬೇಕಾದ ಒಂದು ಕೆಲಸಕ್ಕೆ ಬಂದು ನಿಲ್ಲುತ್ತೀರಿ.

ಕೆಲವರಿಗೆ ಬರೆಯುತ್ತಾ ಹೋದಂತೆ ಹಳೆಯ ನೋವು ಮೇಲೆ ಬರುತ್ತದೆ, ಮನೆ ಕಳೆದುಕೊಂಡವರಿಗೆ ಅಥವಾ ಮನೆಯವರನ್ನು ಕಳೆದುಕೊಂಡವರಿಗೆ ಅದು ಸಹಜ. ಕೈ ನಡುಗಿದರೆ, ನಿದ್ದೆ ಹೋದರೆ ನಿಲ್ಲಿಸಿ. ಬರೆದು ಮುಗಿಸಲೇಬೇಕು ಅಂತ ಯಾರೂ ಹೇಳಿಲ್ಲ. ನಂಬುವವರ ಹತ್ತಿರ ಮಾತಾಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಇದು ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ನಡೆಸುವ ಉಚಿತ ಸಹಾಯವಾಣಿ. ಮಕ್ಕಳ ಸಹಾಯವಾಣಿ 1098.

5. ಬೇರೆಯವರ ನೋವು, ಬೇರೆಯವರ ಹೆಸರು

ಐನ್‌ಮನೆಯ, ಅಂದರೆ ಕೊಡವ ಮನೆತನದ ಹಿರಿಯರ ದೊಡ್ಡ ಮನೆಯ, ಹುಡುಗಿ ಲೈನ್ ಮನೆಯ ಹುಡುಗಿಯ ಬಗ್ಗೆ ಬರೆಯಬಹುದಾ? ಬರೆಯಬಹುದು, ಆದರೆ ಕೇಳಿ ಬರೆಯಬೇಕು. "ನಿನ್ನ ವಿಷಯ ಬರೀತಿದೀನಿ, ಓದಿ ನೋಡು, ಬೇಡ ಅಂದರೆ ಬಿಡ್ತೀನಿ" ಅನ್ನುವ ಮಾತು ಮೊದಲು. ಅವಳು ಬೇಡ ಅಂದರೆ ನಿಜವಾಗಿ ಬಿಡಬೇಕು. ಇದಕ್ಕಿಂತ ಒಳ್ಳೆಯದು ಇಬ್ಬರೂ ಕೂತು ಬರೆಯುವುದು. ಎರವ, ಜೇನು ಕುರುಬ ಮಕ್ಕಳ ಬದುಕನ್ನು 'ಪಾಪ' ಅಂತ ಬರೆದದ್ದು ಬೇಕಾದಷ್ಟಿದೆ. ಅವರೇ ಬರೆದದ್ದು ಬಹಳ ಕಮ್ಮಿ. ಈ ಲೇಖನ ಓದುತ್ತಿರುವವರು ಆ ಆದಿವಾಸಿ ಹಾಡಿಗಳ, ಅಂದರೆ ವಸತಿಗಳ, ಮಕ್ಕಳಾಗಿದ್ದರೆ, ದಯವಿಟ್ಟು ಬರೆಯಿರಿ, ನಿಮ್ಮ ಮಾತಿನಲ್ಲೇ ಬರೆಯಿರಿ.

ನಿಜವಾದ ಹೆಸರು, ತೋಟದ ಹೆಸರು, ಮನೆತನದ ಹೆಸರು ಬದಲಿಸಿ. ಹೆಸರು ಮಾತ್ರ ಬದಲಿಸಿದರೆ ಸಣ್ಣ ಊರಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಆದ್ದರಿಂದ ಕೆಲಸ, ವಯಸ್ಸು, ಜಾಗ ಇವುಗಳಲ್ಲೂ ಒಂದೆರಡು ಬದಲಿಸಿ. ನಿಮ್ಮ ಕಥೆಯಿಂದ ಯಾರದೋ ಕೂಲಿ ಕೆಲಸ ಹೋಗಬಾರದು. ಒಬ್ಬರ ಹೆಸರು ಕೆಡುವಂಥ ಆರೋಪವನ್ನು ಆಧಾರವಿಲ್ಲದೆ ಪ್ರಕಟಿಸಿದರೆ ಮಾನಹಾನಿ ಅಂತ ಕೇಸು ಹಾಕಬಹುದು, ಅದೂ ತಲೆಯಲ್ಲಿರಲಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದ ವಿಷಯ ಇದ್ದರೆ ಇನ್ನೂ ಎಚ್ಚರ ಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಆ ಮಗುವಿನ ಹೆಸರು, ಶಾಲೆ, ಫೋಟೋ, ಊರು, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಇಂಥದ್ದು ಈಗ ನಡೆಯುತ್ತಿದೆ ಅಂತ ಗೊತ್ತಾದರೆ ಕಥೆ ಆಮೇಲೆ, ಮೊದಲು 1098.

ನಿಮ್ಮ ಹೆಸರನ್ನೂ ಮುಚ್ಚಿಡಬಹುದು. ಕಾವ್ಯನಾಮ ಅಂದರೆ ಬರಹಕ್ಕೆ ಮಾತ್ರ ಇಟ್ಟುಕೊಳ್ಳುವ ಹೆಸರು, ಅದನ್ನು ಹೇಡಿತನ ಅಂದುಕೊಳ್ಳಬೇಡಿ. ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ತಾಲಿಬಾನ್ ಹೆಣ್ಣುಮಕ್ಕಳ ಶಾಲೆ ಮುಚ್ಚಿಸುತ್ತಿದ್ದಾಗ, 2009ರಲ್ಲಿ, ಮಲಾಲಾ ಯೂಸುಫ್‌ಝೈ 'ಗುಲ್ ಮಕಾಯ್' ಅನ್ನುವ ಹೆಸರಿನಲ್ಲಿ ಬಿಬಿಸಿ ಉರ್ದುವಿಗೆ ದಿನಚರಿ ಬರೆದಳು. ಆಗ ಅವಳಿಗೆ 11 ವರ್ಷ. ಶಾಲೆಗೆ ಹೋಗುವಾಗ ಏನು ಬಟ್ಟೆ ಹಾಕಿದೆ, ಇವತ್ತು ಕ್ಲಾಸಿಗೆ ಎಷ್ಟು ಜನ ಬಂದರು, ಇಂಥ ಸಣ್ಣ ವಿಷಯಗಳೇ ಅದರಲ್ಲಿದ್ದವು. ಜಗತ್ತು ಅದನ್ನು ಓದಿತು.

6. ತಿದ್ದುವುದು

ಎರಡು ದಿನ ಬಿಟ್ಟು, ಜೋರಾಗಿ ಓದಿ. ನಾಲಿಗೆ ತಡವರಿಸಿದ ವಾಕ್ಯವನ್ನು ಮುರಿಯಿರಿ. ಉಪದೇಶದ ಸಾಲು ಎಲ್ಲಿದ್ದರೂ ಹೊಡೆದು ಹಾಕಿ, ಮುಖ್ಯವಾಗಿ ಕೊನೆಯ ಸಾಲು. ಮೊದಲ ಪ್ಯಾರಾ ತೆಗೆದು ನೋಡಿ, ಹತ್ತರಲ್ಲಿ ಎಂಟು ಸಲ ಕಥೆ ಎರಡನೇ ಪ್ಯಾರಾದಿಂದಲೇ ಶುರುವಾಗಿರುತ್ತದೆ.

ಎಐ ಆಪ್‌ಗಳ ಹತ್ತಿರ ಕಥೆ ಬರೆಸಬೇಡಿ. ನಿಮ್ಮ ದಾರಿಯ ಹಲಸಿನ ಮರ ಅದಕ್ಕೆ ಗೊತ್ತಿಲ್ಲ. ಕಾಗುಣಿತ ನೋಡಲು ಬೇಕಾದರೆ ಬಳಸಿ, ಅದೂ ಕನ್ನಡದಲ್ಲಿ ಎಷ್ಟೋ ಸಲ ತಪ್ಪುತ್ತದೆ.

7. ಕಳಿಸುವುದು

ಮೊದಲು ಟೈಪಿಂಗ್ ವಿಷಯ. ಮೊಬೈಲ್‌ನ ಕನ್ನಡ ಕೀಬೋರ್ಡ್ ಸಾಕು, ಮಾತಾಡಿ ಟೈಪ್ ಮಾಡಿಸಲೂಬಹುದು. ಅದು ಯುನಿಕೋಡ್‌ನಲ್ಲಿರುತ್ತದೆ, ಅಂದರೆ ಯಾವ ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಸೈಬರ್ ಅಂಗಡಿಯಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದರೆ ಬೇರೆ ಕಡೆ ತೆರೆದಾಗ ಅರ್ಥವಾಗದ ಅಕ್ಷರ ಬರಬಹುದು. ಕೊಡುವಾಗಲೇ "ಯುನಿಕೋಡ್‌ನಲ್ಲಿ ಮಾಡಿ" ಅಂತ ಹೇಳಿ.

ಹತ್ತಿರದಿಂದ ಶುರು ಮಾಡಿ. ಶಾಲೆಯ ಗೋಡೆ ಪತ್ರಿಕೆ, ಅಂದರೆ ಕೈಬರಹದ ಹಾಳೆಗಳನ್ನು ಅಂಟಿಸುವ ಬೋರ್ಡ್, ಸಾಮಾನ್ಯ ಜಾಗ ಅಲ್ಲ. ಹೆಡ್‌ಮಾಸ್ಟರ್ ದಿನಾ ಅದರ ಮುಂದೆ ನಡೆಯುತ್ತಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಇಂಥ ಬೋರ್ಡ್ ಹಾಕಲು ಕೇಳಬಹುದು. ಮಡಿಕೇರಿಯ 'ಶಕ್ತಿ' ದಿನಪತ್ರಿಕೆಯನ್ನು ಜಿಲ್ಲೆಯ ಅಧಿಕಾರಿಗಳು, ರಾಜಕಾರಣಿಗಳು ಓದುತ್ತಾರೆ, ಪತ್ರಿಕೆಗೆ ಒಂದು ಚಿಕ್ಕ ಪತ್ರವೂ ಬರವಣಿಗೆಯೇ. ಆಕಾಶವಾಣಿ ಮಡಿಕೇರಿ ಕೇಂದ್ರಕ್ಕೆ ನಿಮ್ಮ ಬರಹ ಕಳಿಸಿ, ಓದಲು ಅವಕಾಶ ಇದೆಯಾ ಅಂತ ಕೇಳಿ. ನೆಟ್‌ವರ್ಕ್ ಇಲ್ಲದ ಮನೆಗೂ ರೇಡಿಯೋ ತಲುಪುತ್ತದೆ. ಮಡಿಕೇರಿ ದಸರಾದ ಬಹುಭಾಷಾ ಕವಿಗೋಷ್ಠಿಗೆ ಕವನ ಕರೆಯುವಾಗ ಕಣ್ಣಿಟ್ಟಿರಿ, ಅಲ್ಲಿ ಕನ್ನಡದ ಜೊತೆ ಕೊಡವ, ಅರೆಭಾಷೆ ಕವನಗಳೂ ಬರುತ್ತವೆ. ಇನ್‌ಸ್ಟಾಗ್ರಾಮ್‌ಗೆ ಕೊನೆಯಲ್ಲಿ ಹಾಕಿ, ಮೊದಲೇ ಹಾಕಿದರೆ 'ಈಗಾಗಲೇ ಪ್ರಕಟವಾಗಿದೆ' ಅಂತ ಕೆಲವು ಪತ್ರಿಕೆ, ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ. ಮನೆಯ ಫೋಟೋ, ಲೊಕೇಶನ್ ಮಾತ್ರ ಹಾಕಲೇಬೇಡಿ.

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಆಗಬಹುದಾದ, ಆದರೆ ಕಮ್ಮಿ ಜನ ಬಳಸುವ ಜಾಗ ಮಕ್ಕಳ ಗ್ರಾಮ ಸಭೆ. ಮಕ್ಕಳ ಮಾತು ಕೇಳುವುದಕ್ಕೇ ಗ್ರಾಮ ಪಂಚಾಯಿತಿಗಳು ಇದನ್ನು ನಡೆಸಬೇಕು. ಯಾವಾಗ ಅಂತ ಪಂಚಾಯಿತಿ ಕಚೇರಿಯಲ್ಲಿ ಕೇಳಿ. ಹೆಚ್ಚಿನ ಸಭೆಗಳಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಭಾಷಣ ಮಾಡಿ ಬಿಸ್ಕತ್ ಕೊಟ್ಟು ಕಳಿಸುತ್ತಾರೆ. ನೀವು ಹೋಗಿ ನಿಮ್ಮ ಕಥೆಯ ಒಂದು ಪುಟ ಓದಿ. ಮೂರು ನಿಮಿಷ ಸಾಕು. ಓದಿದ ತಕ್ಷಣ ಒಂದು ಹಾಳೆಯ ಮನವಿ ಕೊಡಿ. ಕಥೆಯಲ್ಲಿ ಹೇಳದೆ ಬಿಟ್ಟ ಬೇಡಿಕೆಯನ್ನು ಮನವಿಯಲ್ಲಿ ಸ್ಪಷ್ಟವಾಗಿ ಹೇಳಿ: ಯಾವ ಜಾಗ, ಏನು ಬೇಕು, ಎಷ್ಟು ಮಕ್ಕಳಿಗೆ ತೊಂದರೆ, ಯಾವ ತಿಂಗಳೊಳಗೆ ಆಗಬೇಕು. ಬೇಡಿಕೆ ಒಂದೇ ಇರಲಿ. ಏಳೆಂಟು ಬರೆದರೆ ಅವರಿಗೆ ಸುಲಭವಾದದ್ದನ್ನು ಮಾಡಿ ಉಳಿದದ್ದನ್ನು ಮರೆತುಬಿಡುತ್ತಾರೆ.

8. ಕಳಿಸಿದ ಮೇಲೆ

ಮನವಿ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ, ಇದನ್ನು ಸ್ವೀಕೃತಿ ಅನ್ನುತ್ತಾರೆ. ಅದಿಲ್ಲದಿದ್ದರೆ ಮುಂದಿನ ಸಲ ಹೋದಾಗ "ಯಾವ ಅರ್ಜಿ?" ಅಂತ ಕೇಳುತ್ತಾರೆ. ಒಂದು ತಿಂಗಳು ಉತ್ತರ ಬರದಿದ್ದರೆ ಆ ಪ್ರತಿಯ ಜೊತೆಗೆ ಮತ್ತೆ ಹೋಗಿ, ಈ ಸಲ ಇನ್ನಿಬ್ಬರನ್ನು ಕರೆದುಕೊಂಡು.

ಪತ್ರಿಕೆಯವರು ವಾಪಸ್ ಕಳಿಸಿದರೆ ಅಥವಾ ಸುಮ್ಮನಿದ್ದರೆ ಬರಹ ಕೆಟ್ಟದು ಅಂತಲ್ಲ, ಜಾಗ ಇರುವುದಿಲ್ಲ, ಎಷ್ಟೋ ಸಲ ಓದಿಯೇ ಇರುವುದಿಲ್ಲ. ಬೇರೆ ಕಡೆ ಕಳಿಸಿ, ಅಷ್ಟರಲ್ಲಿ ಇನ್ನೊಂದು ಶುರು ಮಾಡಿ.

ಒಬ್ಬರೇ ಬರೆದರೆ ಬೇಗ ಸುಸ್ತಾಗುತ್ತದೆ. ನಾಲ್ಕೈದು ಜನ ಸೇರಿ ತಿಂಗಳಿಗೆ ಒಂದು ಶನಿವಾರ ಅರಿವು ಕೇಂದ್ರದಲ್ಲಿ ಕೂತು, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ. ಮಳೆಗಾಲದಲ್ಲಿ ಮಧ್ಯಾಹ್ನ ಮೂರರೊಳಗೆ ಮುಗಿಸಿ, ದೂರದವರು ಬೆಳಕಿರುವಾಗಲೇ ಮನೆ ಸೇರಬೇಕು. ಮಳೆಗೆ ರಜೆ ಕೊಟ್ಟ ದಿನ ಬರಲು ಹೇಳಬೇಡಿ, ಅವತ್ತು ಮನೆಯಲ್ಲೇ ಕೂತು ಬರೆಯಲಿ.